ಬೆಂಗಳೂರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಅಂತೆ, ಊರಿಗೆ ವಾಪಸ್ ಹೋದರೆ ಅಪಾಯ ಕಡಿಮೆಯಾಗುತ್ತಾ?

ಹಡಗಲಿ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಲೇ ಇದ್ದೆ, ಬರೆಯುವುದು ಇದೇ ಮೊದಲು. ನನಗೆ 43 ವರ್ಷ. ಮದುವೆಯಾಗಿ ಬೆಂಗಳೂರಿಗೆ ಬಂದವಳು, ನನಗೆ ಒಬ್ಬಳೇ ಮಗಳು. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಈಚೆಗೆ ಇಬ್ಬರಿಗೆ ಸ್ತನ ಕ್ಯಾನ್ಸರ್ ಗೊತ್ತಾಯಿತು. ಇಬ್ಬರೂ ಐವತ್ತರ ಆಸುಪಾಸು. ಊರಲ್ಲಿರುವ ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿದರೆ, "ಬೆಂಗಳೂರಿನ ಹಾಲು, ಬೆಂಗಳೂರಿನ ತರಕಾರಿ, ಇನ್ನೇನಾಗುತ್ತೆ? ನಮ್ಮೂರಲ್ಲಿ ಇಂಥದ್ದು ಯಾರಿಗೂ ಇಲ್ಲ ನೋಡು" ಅಂದರು.

ಸುಮ್ನೆ ಇರಲಾಗದೆ ಅಂಕಿ ಹುಡುಕಿದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಕ್ಯಾನ್ಸರ್ ನೋಂದಣಿ ವರದಿ ಸಿಕ್ಕಿತು. ಒಂದು ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಎಷ್ಟು ಹೊಸ ಕೇಸು ಅನ್ನುವ ಲೆಕ್ಕ: ಹೈದರಾಬಾದ್ 48, ಚೆನ್ನೈ 42.2, ಬೆಂಗಳೂರು 40.5, ದೆಹಲಿ 38.6. ಮೇಘಾಲಯದಲ್ಲಿ ಬರೀ 7! ಮಹಾರಾಷ್ಟ್ರದ ಬಾರ್ಶಿ ಕಡೆಯ ಹಳ್ಳಿಗಳಲ್ಲೂ ತುಂಬಾ ಕಡಿಮೆ.

ಯಜಮಾನರಿಗೆ ಮನೆಯಿಂದಲೇ ಕೆಲಸ. ಊರಲ್ಲಿ ಮನೆ ಇದೆ, ಸ್ವಲ್ಪ ಜಮೀನೂ ಇದೆ. ವಾಪಸ್ ಹೋಗಿಬಿಟ್ಟರೆ ನನ್ನ ಅಪಾಯ ಕಡಿಮೆಯಾಗುತ್ತಾ? ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಕರಾವಳಿ_ಕಾಗೆ

ನಗುತ್ತಿಲ್ಲ ಅಕ್ಕ. ಆದರೆ "ನಮ್ಮೂರಲ್ಲಿ ಯಾರಿಗೂ ಇಲ್ಲ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಒಂದೇ ಅನುಮಾನ. ಇಲ್ಲವೋ, ಯಾರೂ ತೋರಿಸಿಕೊಂಡಿಲ್ಲವೋ? ಹಳ್ಳಿಯಲ್ಲಿ ವಯಸ್ಸಾದವರು ಹೋದರೆ ಕಾಯಿಲೆ ಏನು ಅಂತ ಯಾರು ಬರೆಸುತ್ತಾರೆ? ನನ್ನ ಪ್ರಕಾರ ಇದೆಲ್ಲ ಆಸ್ಪತ್ರೆಗಳ ಮಹಿಮೆ. ಬೆಂಗಳೂರಲ್ಲಿ ದೊಡ್ಡಾಸ್ಪತ್ರೆ ಜಾಸ್ತಿ, ಸ್ಕ್ಯಾನ್ ಸೆಂಟರ್ ಜಾಸ್ತಿ, ಹಾಗಾಗಿ ಕೇಸೂ ಜಾಸ್ತಿ. ಅಷ್ಟೇ.

ಅಂಕಿಸಂಕಿ

ಅಷ್ಟೇ ಅಲ್ಲ. ನಾನು ಕೆಲವು ವರ್ಷ ಕ್ಯಾನ್ಸರ್ ನೋಂದಣಿ ಕೆಲಸದಲ್ಲಿದ್ದವನು. ಡಾಕ್ಟರ್ ಅಲ್ಲ, ಓಡಾಡಿ ಫಾರಂ ತುಂಬುತ್ತಿದ್ದವನು. ಲೆಕ್ಕ ಹೇಗೆ ಆಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಉದ್ದ ಆದರೆ ಬೈಯಬೇಡಿ.

ಬೆಂಗಳೂರಿನ ನೋಂದಣಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯದ್ದು. 1982ರಲ್ಲಿ ಮುಂಬೈ, ಚೆನ್ನೈ ಜೊತೆ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಶುರುವಾಯಿತು. ಇದು ಒಂದು ಆಸ್ಪತ್ರೆಗೆ ಬಂದವರ ಲೆಕ್ಕ ಅಲ್ಲ, ಊರಿನ ನಿವಾಸಿಗಳ ಲೆಕ್ಕ. ಸಿಬ್ಬಂದಿ ಆಸ್ಪತ್ರೆ, ನರ್ಸಿಂಗ್ ಹೋಂ, ಪೆಥಾಲಜಿ ಲ್ಯಾಬ್, ಮರಣ ನೋಂದಣಿ ಕಚೇರಿ ಎಲ್ಲ ಕಡೆ ಹೋಗಿ ರಿಜಿಸ್ಟರ್ ತಿರುವಿ ಹಾಕುತ್ತಾರೆ. ಲ್ಯಾಬಿನ ಪುಸ್ತಕದಲ್ಲಿ ಬಯಾಪ್ಸಿ ನಂಬರು, ಹೆಸರು, ವಯಸ್ಸು, "ಎಡ ಸ್ತನ, ಡಕ್ಟಲ್ ಕಾರ್ಸಿನೋಮ" (ಹಾಲಿನ ನಾಳದ ಕ್ಯಾನ್ಸರ್) ಅಂತ ಒಂದು ಸಾಲು ಇರುತ್ತದೆ. ಅದರಿಂದ ಹಿಡಿದು ರೋಗಿಯ ಕೇಸ್ ಶೀಟ್‌ವರೆಗೆ ಹೋಗಬೇಕು. ಒಬ್ಬರೇ ಮೂರು ಆಸ್ಪತ್ರೆಗೆ ಹೋಗಿದ್ದರೆ ಮೂರು ಸಲ ಎಣಿಸಬಾರದು, ಅದನ್ನೂ ನೋಡಬೇಕು.

ಫಾರಂನಲ್ಲಿ ನನಗೆ ಜಾಸ್ತಿ ತಲೆನೋವು ಕೊಡುತ್ತಿದ್ದ ಪ್ರಶ್ನೆ, "ಈ ವಿಳಾಸದಲ್ಲಿ ಎಷ್ಟು ಕಾಲದಿಂದ ಇದ್ದೀರಿ?" ಒಂದು ವರ್ಷಕ್ಕಿಂತ ಕಡಿಮೆ ಆದರೆ ಅವರು ಬೆಂಗಳೂರಿನ ಲೆಕ್ಕಕ್ಕೆ ಸೇರುವುದಿಲ್ಲ. ಬಳ್ಳಾರಿಯಿಂದ, ರಾಯಚೂರಿನಿಂದ ಬಂದವರು ಆಸ್ಪತ್ರೆಯಲ್ಲಿ ತಮ್ಮನ ಮನೆಯ ವಿಳಾಸ ಕೊಟ್ಟಿರುತ್ತಾರೆ. ಯಶವಂತಪುರವೋ ಕೆಂಗೇರಿಯೋ. ವರಾಂಡದ ಬೆಂಚಿನಲ್ಲಿ ಕೂತು "ನಿಮ್ಮ ರೇಷನ್ ಕಾರ್ಡ್ ಯಾವ ಊರಿನದಮ್ಮ?" ಅಂತ ಕೇಳಿದರೆ ಆಗ ನಿಜವಾದ ಊರು ಹೊರಗೆ ಬರುತ್ತಿತ್ತು. ಒಂದಿಷ್ಟು ಜನ ಕಣ್ತಪ್ಪಿ ಒಳಗೆ ಸೇರಿರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡಾಸ್ಪತ್ರೆ ಇದ್ದ ಮಾತ್ರಕ್ಕೆ 40 ಆಗುವುದಿಲ್ಲ.

ಎರಡನೆಯದು ವಯಸ್ಸು. ಇದು ವಯಸ್ಸಾದಂತೆ ಜಾಸ್ತಿಯಾಗುವ ಕಾಯಿಲೆ. ಮುದುಕಿಯರು ಹೆಚ್ಚಿರುವ ಕೇರಳವನ್ನು ಹುಡುಗಿಯರೇ ತುಂಬಿರುವ ಬೇರೆ ರಾಜ್ಯದ ಜೊತೆ ನೇರವಾಗಿ ಹೋಲಿಸಿದರೆ, ಹತ್ತನೇ ಕ್ಲಾಸಿನವರನ್ನೂ ಒಂದನೇ ಕ್ಲಾಸಿನವರನ್ನೂ ಪಕ್ಕ ಪಕ್ಕ ನಿಲ್ಲಿಸಿ ಎತ್ತರ ಅಳೆದಂತೆ. ಅದಕ್ಕೇ ಎಲ್ಲ ಊರಿಗೂ ಒಂದೇ ವಯಸ್ಸಿನ ಪಟ್ಟಿ ಇಟ್ಟುಕೊಂಡು ಲೆಕ್ಕ ಸರಿಮಾಡುತ್ತಾರೆ. ನೀವು ಕೊಟ್ಟ ಅಂಕಿಗಳು ಹಾಗೆ ಸರಿಮಾಡಿದವು. ಅಂದರೆ 7 ಮತ್ತು 48ರ ಅಂತರ ವಯಸ್ಸಿನಿಂದ ಬಂದಿದ್ದಲ್ಲ.

ಮೂರನೆಯದು ನಿಮಗೆ ಮುಖ್ಯ. ಆ ವರದಿಯಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು ಒಂದೇ. ಹಡಗಲಿಯದಾಗಲಿ, ಕೊಪ್ಪಳದ್ದಾಗಲಿ, ಕಲಬುರಗಿಯದಾಗಲಿ ಅದರಲ್ಲಿ ಇಲ್ಲ. ನಿಮ್ಮೂರಲ್ಲಿ ಕಡಿಮೆ ಅಂತ ನೀವು ಊಹೆ ಮಾಡಿದ್ದೀರಿ, ಯಾರೂ ಅಳೆದಿಲ್ಲ.

ಕರಾವಳಿ_ಕಾಗೆ

ಹಾಗಾದರೆ ಬಾರ್ಶಿ? ಅಲ್ಲಿಯೂ ತೋರಿಸಿಕೊಳ್ಳದೆ ಉಳಿದವರೇ ಜಾಸ್ತಿ ಇರಬಹುದಲ್ವಾ?

ಅಂಕಿಸಂಕಿ

ಒಳ್ಳೆಯ ಪ್ರಶ್ನೆ. ಬಾರ್ಶಿಯದ್ದು 1987ರಲ್ಲಿ ಶುರುವಾದ ಗ್ರಾಮೀಣ ನೋಂದಣಿ, ದೇಶದಲ್ಲೇ ಮೊದಲನೆಯದು. ಆಸ್ಪತ್ರೆಯಲ್ಲಿ ಕೂತು ಕಾಯುತ್ತಿದ್ದರೆ ಹಳ್ಳಿಯವರು ಬರುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಸಿಬ್ಬಂದಿಯೇ ಹಳ್ಳಿ ಹಳ್ಳಿಗೆ ಹೋಗಿ, ಜನರ ಜೊತೆ ಮಾತಾಡಿ, ಲಕ್ಷಣ ಇರುವವರನ್ನು ಆಸ್ಪತ್ರೆಗೆ ಕರೆತರುತ್ತಿದ್ದರು. ಅಷ್ಟು ಮಾಡಿದರೂ ಸ್ತನ ಕ್ಯಾನ್ಸರ್ ಕಡಿಮೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಬಂದಾಗ ಕೇಸು ದಿಢೀರ್ ಏರಿದ್ದು ನಿಜ, ಚಿಕ್ಕಪುಟ್ಟವೂ ಸಿಕ್ಕವು. ನಮ್ಮಲ್ಲಿ ಅಂಥ ತಪಾಸಣೆ ಎಲ್ಲಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಬೆಂಗಳೂರಿನ 40 ಬಂದಿರುವುದು ಬಹುಪಾಲು ಗಂಟು ಕೈಗೆ ಸಿಕ್ಕಿ ತಾವೇ ಬಂದವರಿಂದ. ಸ್ಕ್ಯಾನ್ ಸೆಂಟರಿನ ಮೇಲೆ ಹಾಕುವ ಹಾಗಿಲ್ಲ.

ಶಿರಸಿ_ಸೊಪ್ಪಿನಬೆಟ್ಟ

ಅಂದರೆ ಅತ್ತೆ ಹೇಳಿದ್ದೇ ಸರಿ ಅಂತಾಯಿತು! ಹಾಲಿಗೆ ಇಂಜೆಕ್ಷನ್, ತರಕಾರಿಗೆ ಔಷಧಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಊಟ. ಪೇಟೆಯ ಬದುಕೇ ವಿಷ.

ಮಾಟುಂಗಾ_ಮಾಯಿ

ಶಿರಸಿಯವರೇ, ಒಂದು ನಿಮಿಷ. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಮುಂಬೈನಲ್ಲೇ. ಇಲ್ಲಿ ಕ್ಯಾನ್ಸರ್ ನೋಂದಣಿ ಆ ರಾಷ್ಟ್ರೀಯ ಕಾರ್ಯಕ್ರಮಕ್ಕೂ ಮೊದಲೇ, 1960ರ ದಶಕದಿಂದಲೇ ಇದೆ. ಆ ಹಳೇ ಲೆಕ್ಕಗಳಲ್ಲೇ ಒಂದು ವಿಷಯ ಎದ್ದು ಕಾಣುತ್ತಿತ್ತು. ಬೇರೆ ಸಮುದಾಯಗಳ ಹೆಂಗಸರಿಗಿಂತ ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ, ಗರ್ಭಕಂಠದ ಕ್ಯಾನ್ಸರ್ ಕಡಿಮೆ. ಅದೇ ಊರು, ಅದೇ ಗಾಳಿ, ಅದೇ ನಲ್ಲಿ ನೀರು. ಬೇರೆ ಏನಿತ್ತು? ಪಾರ್ಸಿ ಹುಡುಗಿಯರು ಓದುತ್ತಿದ್ದರು, ತಡವಾಗಿ ಮದುವೆಯಾಗುತ್ತಿದ್ದರು, ಎಷ್ಟೋ ಜನ ಆಗುತ್ತಲೇ ಇರಲಿಲ್ಲ. ಮಕ್ಕಳು ಒಂದೋ ಎರಡೋ. ಈಗ ಬೆಂಗಳೂರಿನ ಮನೆಗಳನ್ನು ನೋಡಿ.

ತುಂಗಭದ್ರೆ_ಸಿಸ್ಟರ್

ಮಾಯಿ ಹೇಳಿದ್ದು ನೂರಕ್ಕೆ ನೂರು. ನಾನು ಸ್ಟಾಫ್ ನರ್ಸ್, ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ.

ಸರಳವಾಗಿ ಹೇಳುತ್ತೇನೆ. ಸ್ತನದ ಜೀವಕೋಶಗಳ ಮೇಲೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಎಷ್ಟು ವರ್ಷ ಕೆಲಸ ಮಾಡುತ್ತದೆ ಅನ್ನುವುದು ದೊಡ್ಡ ಲೆಕ್ಕ. ಬೇಗ ಮೈನೆರೆದರೆ, ಮುಟ್ಟು ತಡವಾಗಿ ನಿಂತರೆ ಆ ಕಾಲ ಉದ್ದ ಆಗುತ್ತದೆ. ಬಸುರು, ಬಾಣಂತನ, ಹಾಲುಣಿಸುವುದು ಆ ಕಾಲವನ್ನು ಕಡಿಮೆ ಮಾಡುತ್ತವೆ, ಜೊತೆಗೆ ಆ ಜೀವಕೋಶಗಳನ್ನು ಪೂರ್ತಿ ಬೆಳೆಸಿ ಗಟ್ಟಿ ಮಾಡುತ್ತವೆ. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಕಾಯಿಲೆ ಬಂದವರೇ 50 ಸಾವಿರ ಜನ ಅದರಲ್ಲಿದ್ದರು. ಪ್ರತಿ ಹೆರಿಗೆಗೆ ಅಪಾಯ ಸುಮಾರು ನೂರಕ್ಕೆ 7 ಕಡಿಮೆ. ಅದರ ಮೇಲೆ, ಹಾಲುಣಿಸಿದ ಪ್ರತಿ ವರ್ಷಕ್ಕೆ ಇನ್ನು 4.3 ಕಡಿಮೆ. ಶ್ರೀಮಂತ ದೇಶದ ಹೆಂಗಸರು ಹಿಂದಿನ ಕಾಲದವರಷ್ಟು ಹೆತ್ತು ಹಾಲುಣಿಸಿದ್ದರೆ, 70 ವರ್ಷದೊಳಗೆ ಕಾಯಿಲೆ ಬರುವವರು ನೂರಕ್ಕೆ 6.3 ಇದ್ದದ್ದು 2.7ಕ್ಕೆ ಇಳಿಯುತ್ತಿತ್ತು ಅಂತ ಅವರ ಅಂದಾಜು.

ಇದಕ್ಕೆ ಮೈತೂಕ, ನಡಿಗೆ ಇಲ್ಲದ ದಿನಚರಿ, ಮದ್ಯ ಸೇರಿಸಿಕೊಳ್ಳಿ. ಇವೆಲ್ಲ ಒಂದೊಂದೂ ಚಿಕ್ಕವು. ಊರಿಗೆ ಊರೇ ಹೀಗೆ ಬದಲಾದಾಗ ದೊಡ್ಡ ಅಂಕಿ ಆಗುತ್ತದೆ. ಬೆಂಗಳೂರಲ್ಲಿ ನೋಂದಣಿ ಶುರುವಾದ ಕಾಲದಲ್ಲಿ ಹೆಂಗಸರಲ್ಲಿ ಗರ್ಭಕಂಠದ್ದೇ ಮುಂದೆ ಇತ್ತು. ಈಗ ಅದು ಇಳಿದಿದೆ, ಸ್ತನದ್ದು ಸುಮಾರು ಎರಡು ಪಟ್ಟಾಗಿ ಮೇಲೆ ಕೂತಿದೆ.

ಹಾಗಂತ ಯಾರೂ ಇದನ್ನು ಓದಿ ಸೊಸೆಗೆ "ಇನ್ನೊಂದು ಹೆರು" ಅನ್ನಬೇಡಿ. ನಮ್ಮ ಅಜ್ಜಿಯರು ಹತ್ತು ಹೆತ್ತು, ಅದರಲ್ಲಿ ಎಷ್ಟನ್ನು ಮಣ್ಣು ಮಾಡಿದರು, ಎಷ್ಟು ಜನ ಹೆರಿಗೆಯಲ್ಲೇ ಹೋದರು ಅಂತ ಮರೆಯಬಾರದು.

ಹಡಗಲಿ_ಮಲ್ಲಿಗೆ

ಸಿಸ್ಟರ್, ಹಾಗಾದರೆ ನನ್ನ ಅಪಾಯ ನನ್ನ ಜೊತೆಗೇ ಊರಿಗೂ ಬರುತ್ತದೆ ಅಂತಾಯಿತಲ್ಲ?

ಫ್ರೀಮಾಂಟ್_ಗೌಡತಿ

ಬರುತ್ತದೆ. ಇದಕ್ಕೆ ಇಲ್ಲಿ ನಮ್ಮ ಕಡೆಯ ಕತೆ ಹೇಳುತ್ತೇನೆ. ನಾನು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಚೀನಾ, ಜಪಾನ್, ಫಿಲಿಪೀನ್ಸ್ ಮೂಲದ ಹೆಂಗಸರ ಮೇಲೆ ಮಾಡಿ 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಒಂದೇ ವಂಶದ ರಕ್ತ, ಆದರೆ ವಲಸೆಯ ಲೆಕ್ಕದಲ್ಲಿ ನೋಡಿದರೆ ಅಪಾಯದಲ್ಲಿ ಆರು ಪಟ್ಟು ವ್ಯತ್ಯಾಸ. ಈಚೆಗೆ ಬಂದವರಿಗೆ ಕಡಿಮೆ, ಹತ್ತು ವರ್ಷಕ್ಕಿಂತ ಜಾಸ್ತಿ ಇದ್ದವರಿಗೆ ಹೆಚ್ಚು, ಅಜ್ಜ ಅಜ್ಜಿಯರ ಕಾಲದಿಂದ ಇಲ್ಲೇ ಇರುವ ಮನೆಯವರಿಗೆ ಇಲ್ಲಿಯ ಬಿಳಿಯರಷ್ಟೇ. ಹಾಗಾಗಿ "ನಮ್ಮ ಜೀನ್ ಗಟ್ಟಿ, ನಮಗೆ ಬರಲ್ಲ" ಅನ್ನುವ ಮಾತು ನಿಲ್ಲುವುದಿಲ್ಲ. ಹಾಗೆಯೇ ವಿಮಾನ ಹತ್ತಿದ ತಕ್ಷಣ ಎಲ್ಲ ಬದಲಾಗುವುದೂ ಇಲ್ಲ. 43ರಲ್ಲಿ ಹಡಗಲಿ ಬಸ್ ಹತ್ತಿದರೂ ಅಷ್ಟೇ, ಅಕ್ಕ.

ಶಿರಸಿಯವರಿಗೂ ಒಂದು ಮಾತು. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ಹೆಂಗಸರು ನಿಮ್ಮ ಹಾಗೆಯೇ ಅನುಮಾನಪಟ್ಟರು. ಹೋರಾಟ ಮಾಡಿದರು. 1993ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ ಅಧ್ಯಯನ ಮಾಡಿಸಿತು. ರಕ್ತದಲ್ಲಿ ಡಿಡಿಟಿ ಅನ್ನುವ ಕೀಟನಾಶಕದ ಅಂಶ ಅಳೆದರು. ಡಿಡಿಟಿ ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ಜಾಸ್ತಿ ಅಂತ ಸಿಗಲಿಲ್ಲ. ನಮ್ಮ ಕಡೆ ಸ್ಯಾನ್‌ಫ್ರಾನ್ಸಿಸ್ಕೊ ಪಕ್ಕದ ಮರಿನ್ ಕೌಂಟಿಯದ್ದೂ ಇದೇ ಕತೆ. ಬೆಟ್ಟ, ಕಡಲು, ಶುದ್ಧ ಗಾಳಿ, ಸಾವಯವ ತರಕಾರಿ, ಎಲ್ಲ ಇದೆ. ಸ್ತನ ಕ್ಯಾನ್ಸರ್ ರಾಜ್ಯದಲ್ಲೇ ಎದ್ದು ಕಾಣುವಷ್ಟು ಇತ್ತು. ಹುಡುಕುತ್ತಾ ಹೋದರೆ ಸಿಕ್ಕಿದ್ದು: ದುಡ್ಡಿದ್ದವರು, ಓದಿದವರು, ಮೂವತ್ತು ದಾಟಿ ಮೊದಲ ಮಗು, ಸಂಜೆಗೆ ವೈನ್, ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ. 2002ರಲ್ಲಿ ಆ ಮಾತ್ರೆಯಿಂದ ಕ್ಯಾನ್ಸರ್ ಹೆಚ್ಚಾಗುತ್ತದೆ ಅಂತ ದೊಡ್ಡ ಅಧ್ಯಯನ ಬಂತು, ಲಕ್ಷಾಂತರ ಜನ ನಿಲ್ಲಿಸಿದರು. ಮರುವರ್ಷವೇ ಇಡೀ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಸುಮಾರು ನೂರಕ್ಕೆ 7ರಷ್ಟು ಇಳಿಯಿತು.

ಆದರೆ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಓಕ್‌ಲ್ಯಾಂಡ್‌ನಲ್ಲಿ 1960ರ ಆಸುಪಾಸು ತೆಗೆದಿಟ್ಟ ರಕ್ತವನ್ನು ಪರೀಕ್ಷಿಸಿ 2007ರಲ್ಲಿ ಒಂದು ಫಲಿತಾಂಶ ಬಂತು. 14 ವರ್ಷದೊಳಗೆ ಡಿಡಿಟಿ ಮೈಗೆ ಸೇರಿದವರಲ್ಲಿ ಮುಂದೆ ಕ್ಯಾನ್ಸರ್ ಜಾಸ್ತಿ ಕಂಡಿತು. ದೊಡ್ಡವರಾದ ಮೇಲೆ ತಿಂದ ಟೊಮೆಟೊಗಿಂತ ಬಾಲ್ಯದಲ್ಲಿ ಏನಾಯಿತು ಅನ್ನುವುದು ಮುಖ್ಯ ಇರಬಹುದು. ಹಾಗೆ ನೋಡಿದರೆ ಔಷಧಿ ಹೊಡೆಯುವ ಹೊಲಗಳ ನಡುವೆ ಬೆಳೆದವರು ಹಳ್ಳಿಯವರೇ ಅಲ್ವಾ!

ಶಿರಸಿ_ಸೊಪ್ಪಿನಬೆಟ್ಟ

ಮೇಘಾಲಯದ 7ಕ್ಕೆ ಏನು ಹೇಳುತ್ತೀರಿ? ಬೆಟ್ಟ, ಕಾಡು, ಶುದ್ಧ ಬದುಕು.

ಅಂಕಿಸಂಕಿ

ಅದೇ ವರದಿಯ ಮುಂದಿನ ಪುಟಗಳನ್ನೂ ನೋಡಿ. ಈಶಾನ್ಯದಲ್ಲಿ ಸ್ತನದ್ದು ಕಡಿಮೆ ಇರುವ ಕಡೆ ಬೇರೆ ಕ್ಯಾನ್ಸರ್ ವಿಪರೀತ. ಮೇಘಾಲಯದ ಪೂರ್ವ ಖಾಸಿ ಬೆಟ್ಟಗಳಲ್ಲಿ ಅನ್ನನಾಳದ ಕ್ಯಾನ್ಸರ್ ದೇಶದಲ್ಲೇ ಮೇಲೆ. ಅಲ್ಲಿ ತಂಬಾಕು, ಹಸಿ ಅಡಿಕೆ ಎರಡೂ ಜಾಸ್ತಿ. ಹೆಂಗಸರ ಒಟ್ಟು ಕ್ಯಾನ್ಸರ್ ಅತಿ ಹೆಚ್ಚು ಇರುವುದು ಅರುಣಾಚಲದ ಪಾಪುಂಪಾರೆ ಜಿಲ್ಲೆಯಲ್ಲಿ, ಲಕ್ಷಕ್ಕೆ 219.8. ಗರ್ಭಕಂಠದ್ದೂ ಅಲ್ಲೇ ಹೆಚ್ಚು, 27.7. ಒಂದು ಕಾಲಂನಲ್ಲಿ 7 ಅಂತ ಕಂಡು ಗಂಟುಮೂಟೆ ಕಟ್ಟಬೇಡಿ.

ಮಲ್ಲಿಗೆಯವರೇ, ನಿಮ್ಮ ಅಪಾರ್ಟ್‌ಮೆಂಟ್ ವಿಷಯ ಮರೆತೆ. ಇಡೀ ದೇಶದ ಸರಾಸರಿಯಲ್ಲಿ 29 ಹೆಂಗಸರಲ್ಲಿ ಒಬ್ಬರಿಗೆ 75ರೊಳಗೆ ಈ ಕಾಯಿಲೆ ಬರುವ ಸಂಭವ ಅಂತ ವರದಿಯ ಅಂದಾಜು, ದೊಡ್ಡ ನಗರಗಳಲ್ಲಿ ಇನ್ನೂ ಹೆಚ್ಚು. ಇನ್ನೂರು ಮನೆಯ ಕಟ್ಟಡದಲ್ಲಿ ಇಬ್ಬರು ಅನ್ನುವುದು ಬೇಜಾರಿನ ಸುದ್ದಿ, ವಿಚಿತ್ರ ಅಲ್ಲ. ಬೋರ್‌ವೆಲ್ ನೀರು ಪರೀಕ್ಷೆಗೆ ಕೊಡುವುದಾದರೆ ಕೊಡಿ, ಅದು ಬೇರೆ ಕಾರಣಕ್ಕೆ ಒಳ್ಳೆಯದು.

ಬೀದರ್_ಕೋಟೆ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನನಗೆ ಬಂದಿತ್ತು ರೀ. ನಮ್ಮ ಕಡೆಯವರು ಇಂಥದ್ದಕ್ಕೆ ಹೈದರಾಬಾದಿಗೇ ಹೋಗುವುದು, ನಾನೂ ಅಲ್ಲಿಗೇ ಹೋದೆ. ಆಪರೇಷನ್, ಕೀಮೋ ಎಲ್ಲ ಆಗಿ ಈಗ ಆರಾಮ ಇದ್ದೇನೆ. ಒಂದು ಕೇಳಬೇಕಿತ್ತು. ಹೈದರಾಬಾದಿನ 48ರಲ್ಲಿ ನಾನೂ ಇದ್ದೇನಾ?

ಅಂಕಿಸಂಕಿ

ಇಲ್ಲ ಅಕ್ಕ. ನಿಮ್ಮ ಮನೆ ಬೀದರಿನಲ್ಲಿ. ಹೈದರಾಬಾದ್ ಜಿಲ್ಲೆಯ ಲೆಕ್ಕಕ್ಕೆ ನೀವು ಬರುವುದಿಲ್ಲ. ಆ ವರದಿಯಲ್ಲಿ ಬೀದರಿಗೆ ನೋಂದಣಿಯೇ ಇಲ್ಲ. ಆಸ್ಪತ್ರೆಯ ಪಟ್ಟಿಯಲ್ಲಿ ಇರುತ್ತೀರಿ, ಊರಿನ ದರದಲ್ಲಿ ಎಲ್ಲೂ ಇಲ್ಲ. ನಿಮ್ಮಂಥವರು ಕಲ್ಯಾಣ ಕರ್ನಾಟಕದಲ್ಲಿ ಎಷ್ಟೋ ಜನ.

ಬೀದರ್_ಕೋಟೆ

ಹಾಗೇ ಅನ್ನಿಸಿತ್ತು. ನಮ್ಮೂರಲ್ಲೂ "ಯಾರಿಗೂ ಇಲ್ಲ" ಅಂತಲೇ ಹೇಳುತ್ತಾರೆ. ನಾನು ಹೇಳಿಕೊಂಡಿಲ್ಲ, ಅದಕ್ಕೆ. ಮಗಳ ಮದುವೆ ಆಗಬೇಕಿತ್ತು.

ತುಂಗಭದ್ರೆ_ಸಿಸ್ಟರ್

ಅಕ್ಕ, ನೀವು ಬರೆದದ್ದಕ್ಕೆ ಥ್ಯಾಂಕ್ಸ್. ಈ ಅಂಕಿಗಳ ಜಗಳದಲ್ಲಿ ನನಗೆ ಸಿಟ್ಟು ಬರುವುದು ಒಂದಕ್ಕೇ. ಎಲ್ಲರೂ ಎಲ್ಲಿ ಜಾಸ್ತಿ ಬರುತ್ತದೆ ಅಂತ ನೋಡುತ್ತಾರೆ, ಎಲ್ಲಿ ಜಾಸ್ತಿ ಸಾಯುತ್ತಾರೆ ಅಂತ ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೀಗಿದೆ. ತೀರಾ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಕಾಯಿಲೆ ಬರುತ್ತದೆ, 71ರಲ್ಲಿ ಒಬ್ಬರು ಸಾಯುತ್ತಾರೆ. ತೀರಾ ಹಿಂದುಳಿದ ದೇಶಗಳಲ್ಲಿ ಬರುವುದು 27ರಲ್ಲಿ ಒಬ್ಬರಿಗೆ, ಸಾಯುವುದು 48ರಲ್ಲಿ ಒಬ್ಬರು. ಬರುವುದು ಅರ್ಧಕ್ಕಿಂತ ಕಡಿಮೆ, ಸಾವು ಜಾಸ್ತಿ. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೊಸ ಕೇಸು, 98 ಸಾವಿರ ಸಾವು.

ನಮ್ಮ ಓಪಿಡಿಗೆ ಬರುವವರನ್ನು ನೋಡಿ. ಮೊದಲು ಹೊಟ್ಟೆನೋವು, ಸುಸ್ತು ಅಂತಾರೆ. ಡಾಕ್ಟರ್ ಆಚೆ ಹೋದ ಮೇಲೆ ನನ್ನನ್ನು ಪರದೆಯ ಹಿಂದೆ ಕರೆದು ಸೆರಗು ಸರಿಸುತ್ತಾರೆ. ಅರಿಶಿಣ ಹಚ್ಚಿದ ಹಳೇ ಪಂಚೆಯ ಬಟ್ಟೆ ಮಡಿಸಿ ಇಟ್ಟಿರುತ್ತಾರೆ. ತೆಗೆದರೆ ಹುಣ್ಣು. "ಯಾವಾಗಿಂದಮ್ಮ?" ಅಂದರೆ "ಗಂಟಿತ್ತು, ನೋವಿರಲಿಲ್ಲ, ಅದಕ್ಕೆ ಬಿಟ್ಟೆ." ನೋವಿಲ್ಲದ ಗಂಟೇ ಹೆದರಬೇಕಾದ ಗಂಟು ಅಂತ ಯಾರೂ ಹೇಳಿರುವುದಿಲ್ಲ. ಎಷ್ಟೋ ಸಲ ಇಂಥವರ ಕಾಯಿಲೆ ಬೇಗ ಹರಡುವ ಜಾತಿಯದ್ದೂ ಆಗಿರುತ್ತದೆ. ಹಾರ್ಮೋನ್ ಮಾತ್ರೆಗೆ ಬಗ್ಗದ ಟ್ರಿಪಲ್ ನೆಗೆಟಿವ್ ಅನ್ನುವುದು ನಮ್ಮಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ, ಪಾಶ್ಚಾತ್ಯ ದೇಶಗಳಲ್ಲಿ ಅದರ ಅರ್ಧ.

ಕರಾವಳಿ_ಕಾಗೆ

ಎಲ್ಲರಿಗೂ ಮ್ಯಾಮೋಗ್ರಾಂ ಮಾಡಿಸಬೇಕು ಅಂದರೆ ಅಷ್ಟು ಮಷಿನ್ ಎಲ್ಲಿದೆ ಸಿಸ್ಟರ್?

ತುಂಗಭದ್ರೆ_ಸಿಸ್ಟರ್

ಬೇಕಾಗಿಯೇ ಇಲ್ಲ. ಮುಂಬೈನ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ಅಧ್ಯಯನ ಮಾಡಿದರು. ಮಷಿನ್ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವುದು, ಅಷ್ಟೇ. 2021ರಲ್ಲಿ ಫಲಿತಾಂಶ ಬಂತು. ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30 ಕಡಿಮೆಯಾಯಿತು. 50ರೊಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು.

ಹಡಗಲಿ_ಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅತ್ತೆಗೆ ಫೋನ್ ಮಾಡಿ "ನೀವು ಯಾವತ್ತಾದರೂ ತೋರಿಸಿಕೊಂಡಿದ್ದೀರಾ?" ಅಂತ ಕೇಳಿದೆ. "ನನಗೇನಾಗಿದೆ, ನಾಲ್ಕು ಹೆತ್ತವಳು" ಅಂದರು. ಅವರಿಗೆ 61. ಊರಿಗೆ ಹೋಗುವ ವಿಷಯ ಬೇರೆ ಕಾರಣಕ್ಕೆ ಯೋಚಿಸೋಣ ಅಂತ ಮನೆಯಲ್ಲಿ ಮಾತಾಯಿತು, ಈ ಕಾರಣಕ್ಕಲ್ಲ. ಆದರೆ ಅತ್ತೆಯನ್ನು ಎಲ್ಲಿ ತೋರಿಸುವುದು? ಗಂಡಸು ಡಾಕ್ಟರ್ ಅಂದರೆ ಅವರು ಒಳಗೇ ಬರುವುದಿಲ್ಲ.

ತುಂಗಭದ್ರೆ_ಸಿಸ್ಟರ್

ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 30ರಿಂದ 65 ವಯಸ್ಸಿನವರಿಗೆ ಸರ್ಕಾರದ ತಪಾಸಣೆ ಇದೆ, ನೋಡುವವರು ಹೆಣ್ಣುಮಕ್ಕಳೇ. ಉಪಕೇಂದ್ರದಲ್ಲೋ ಪಿಎಚ್‌ಸಿಯಲ್ಲೋ ಆಗುತ್ತದೆ. ನಿಯಮದಲ್ಲಿ ಐದು ವರ್ಷಕ್ಕೊಮ್ಮೆ ಅಂತ ಇದೆ. ನನ್ನ ಮಾತು ಕೇಳುವುದಾದರೆ 50 ದಾಟಿದವರು ಎರಡು ವರ್ಷಕ್ಕೊಮ್ಮೆ ಮಾಡಿಸಲಿ. ನೀವು ಹಬ್ಬಕ್ಕೆ ಹೋದಾಗ ಜೊತೆಗೆ ಹೋಗಿ, ನೀವೂ ತೋರಿಸಿಕೊಳ್ಳಿ. ಇಬ್ಬರೂ ಹೋದರೆ ಅವರಿಗೂ ಸಂಕೋಚ ಕಡಿಮೆ.

ಒಂದು ವೇಳೆ ಗಂಟು ಸಿಕ್ಕರೆ ಹೆದರಬೇಡಿ, ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಹತ್ತಿರದ ಯಾವುದೋ ನರ್ಸಿಂಗ್ ಹೋಂನಲ್ಲಿ "ಸಣ್ಣ ಗಡ್ಡೆ, ಕುಯ್ದು ತೆಗೆದುಬಿಡೋಣ" ಅಂದರೆ ಒಪ್ಪಬೇಡಿ. ಮೊದಲು ಸ್ಕ್ಯಾನ್, ಆಮೇಲೆ ಸೂಜಿ ಹಾಕಿ ಬಯಾಪ್ಸಿ. ರಿಪೋರ್ಟ್ ಕೈಗೆ ಬರುವವರೆಗೆ ಚಾಕು ಮುಟ್ಟಿಸಬಾರದು. ಪರೀಕ್ಷೆ ಮಾಡದೆ ಅರ್ಧಂಬರ್ಧ ತೆಗೆದು, ಆಮೇಲೆ ನಮ್ಮಲ್ಲಿಗೆ ಬರುವವರ ಆಪರೇಷನ್ ಇನ್ನೊಮ್ಮೆ ಮಾಡಬೇಕಾಗುತ್ತದೆ. ತೆಗೆದ ಗಡ್ಡೆ ಎಲ್ಲಿ ಅಂದರೆ, ಎಸೆದುಬಿಟ್ಟಿರುತ್ತಾರೆ.

ಬೀದರ್_ಕೋಟೆ

ಸಿಸ್ಟರ್ ಹೇಳಿದ್ದು ಬರೆದಿಟ್ಟುಕೊಳ್ಳಿ ರೀ. ನನ್ನದೂ ಮೊದಲು ಹಾಗೇ ಕುಯ್ದಿದ್ದರು. ಮಲ್ಲಿಗೆ ಅಕ್ಕ, ಅತ್ತೆ ಒಪ್ಪದಿದ್ದರೆ ನನ್ನ ನಂಬರ್ ಖಾಸಗಿ ಮೆಸೇಜಿನಲ್ಲಿ ಕಳಿಸುತ್ತೇನೆ, ನಾನೇ ಮಾತಾಡುತ್ತೇನೆ.